ಒಂದು ಏಳುತ್ತದೆ, ಇನ್ನೊಂದು ಕುಸಿಯುತ್ತದೆ: ಹಳೆಯ ಕಂಪ್ಯೂಟರುಗಳ ಬೂಟ್ ದೋಷ ಹುಡುಕುವ ಬಗೆಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಚೆನ್ನಾಗಿಯೇ ಓಡುತ್ತಿದ್ದ ಅಸಂಖ್ಯ ಕಂಪ್ಯೂಟರುಗಳು ಅಂದಿನಿಂದ ಹಳೆಯವುಗಳ ಸಾಲಿಗೆ ಸೇರಿದವು. ಕೆಲವು ಗುಜರಿಗೆ ಹೋದವು, ಕೆಲವಕ್ಕೆ ಲಿನಕ್ಸ್ ಹಾಕಿ ಮನೆಯ ಮಕ್ಕಳಿಗೋ ಊರಿನ ಶಾಲೆಗೋ ಕೊಟ್ಟರು. ಅವಕ್ಕಿಂತಲೂ ಹಿಂದಿನ ಯಂತ್ರಗಳು ಬೇರೆ ಕಾರಣಗಳಿಗೆ ಉಳಿದುಕೊಂಡಿವೆ. ಹಳೆಯ ಕನ್ನಡ ಡಿಟಿಪಿ ಕಡತಗಳನ್ನು ತೆರೆಯಲು ವಿಂಡೋಸ್ 98 ಅಥವಾ ಎಕ್ಸ್‌ಪಿ ಬೇಕೇ ಬೇಕೆನ್ನುವ ಮುದ್ರಣಾಲಯಗಳಿವೆ. ಡಾಸ್ ಬಿಟ್ಟು ಬೇರೇನನ್ನೂ ಅರಿಯದ ಯಂತ್ರೋಪಕರಣ ಇಟ್ಟುಕೊಂಡ ಸಣ್ಣ ಕಾರ್ಖಾನೆಗಳಿವೆ. ಇಂಥ ಯಂತ್ರಗಳ ನಡುವೆ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ಒಂದು ಸನ್ನಿವೇಶವಿದೆ. ಒಂದೇ ಕಚೇರಿಯಿಂದ ಬಂದ, ಒಂದೇ ಮಾದರಿ ಸಂಖ್ಯೆಯ ಎರಡು ಕಂಪ್ಯೂಟರುಗಳಿಗೆ ಒಂದೇ ಪೆನ್‌ಡ್ರೈವ್ ಚುಚ್ಚಿದರೆ ಒಂದು ಸರಾಗವಾಗಿ ಏಳುತ್ತದೆ, ಇನ್ನೊಂದು ಅರ್ಧ ದಾರಿಯಲ್ಲಿ ಕುಸಿಯುತ್ತದೆ.

ಎರಡರ ನಡುವೆ ಏನು ವ್ಯತ್ಯಾಸ? ಪ್ರಶ್ನೆ ಇಷ್ಟೇ. ಉತ್ತರ ಹುಡುಕುವ ದಾರಿಯ ಬಗ್ಗೆ ಮಾತ್ರ ನಾಲ್ಕು ದಶಕ ಕಳೆದರೂ ಒಮ್ಮತವಿಲ್ಲ. ರಿಪೇರಿ ಅಂಗಡಿಯವರು ಬಿಡಿಭಾಗ ಬದಲಿಸಿ ನೋಡುತ್ತಾರೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವವರು ತಂತ್ರಾಂಶದ ಆವೃತ್ತಿ ಬದಲಿಸಿ ನೋಡುತ್ತಾರೆ. ಬಯಾಸ್ ಬಲ್ಲವರ ಅನುಮಾನ ಬಯಾಸ್ ಮೇಲೆ, ಸರ್ಕ್ಯೂಟ್ ಬಲ್ಲವರ ಅನುಮಾನ ಉಬ್ಬಿದ ಕೆಪಾಸಿಟರ್ ಮೇಲೆ. ಪ್ರತಿಯೊಬ್ಬರ ಹಿಂದೆಯೂ ಗೆದ್ದ ಪ್ರಕರಣಗಳ ದೊಡ್ಡ ಸಾಲಿದೆ. ಇವರೆಲ್ಲರೂ ಮಾಡುವುದು ಹೋಲಿಕೆಯನ್ನೇ, ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬಲ್ಲಿ ಮಾತ್ರ ದಾರಿಗಳು ಕವಲೊಡೆಯುತ್ತವೆ ಎಂಬುದು ನನ್ನ ಅಭಿಪ್ರಾಯ. ಆ ಕವಲುಗಳ ನಕ್ಷೆಯನ್ನು ಇಲ್ಲಿ ಕೊಡಲು ಯತ್ನಿಸಿದ್ದೇನೆ.

ಬೂಟ್ ಹೊತ್ತಿನಲ್ಲೇ ಏಕೆ?

ಸ್ವಿಚ್ ಒತ್ತಿದಾಗ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆ ಘಟಕ ತನ್ನ ವೋಲ್ಟೇಜುಗಳು ಸ್ಥಿರವಾದುವೆಂದು ಮದರ್‌ಬೋರ್ಡಿಗೆ ಒಂದು ಸಂಕೇತ ಕಳಿಸುತ್ತದೆ. ಅದು ಬಂದ ಮೇಲೆ ಪ್ರೊಸೆಸರ್ ನಿಗದಿತ ವಿಳಾಸವೊಂದರಿಂದ, ಬೋರ್ಡಿನ ಚಿಪ್ಪಿನಲ್ಲಿರುವ ಆರಂಭಿಕ ತಂತ್ರಾಂಶವಾದ ಬಯಾಸ್‌ನ ಮೊದಲ ಆದೇಶ ಓದುತ್ತದೆ. ಬಯಾಸ್ ಮೆಮೊರಿ ಎಣಿಸುತ್ತದೆ, ಕೀಬೋರ್ಡ್, ಡಿಸ್‌ಪ್ಲೇ, ಡಿಸ್ಕುಗಳನ್ನು ತಡಕುತ್ತದೆ, ಕೊನೆಗೆ ಡಿಸ್ಕಿನ ಮೊದಲ 512 ಬೈಟುಗಳನ್ನು ಮೆಮೊರಿಗೆ ತಂದು ಅವುಗಳ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಮುಂದೆ ಬೂಟ್‌ಲೋಡರ್, ಕರ್ನಲ್, ಡ್ರೈವರುಗಳು ಒಂದಾದ ಮೇಲೊಂದು ಏಳುತ್ತವೆ.

ದಿನದ ಕೆಲಸದಲ್ಲಿ ನಾವು ಬಳಸುವ ಪ್ರೋಗ್ರಾಂಗಳು ಹಾರ್ಡ್‌ವೇರನ್ನು ನೇರವಾಗಿ ಮುಟ್ಟುವುದಿಲ್ಲ. ಪ್ರತಿಯೊಂದು ಚಿಪ್ಪನ್ನೂ ಗುರುತು ಹಿಡಿದು, ಅದಕ್ಕೆ ಏನು ಬರುತ್ತದೆ ಎಂದು ವಿಚಾರಿಸಿ, ಕೆಲಸಕ್ಕೆ ಹಚ್ಚುವುದು ಬೂಟ್ ಹೊತ್ತಿನಲ್ಲಿ. ಆದ್ದರಿಂದಲೇ ಯಂತ್ರ ಯಂತ್ರದ ನಡುವಿನ ಸಣ್ಣ ಅಂತರವೂ ಮೊದಲು ಇಲ್ಲೇ ಹೊರಬೀಳುತ್ತದೆ. ಸಾಕ್ಷ್ಯ ತೀರ ಕಡಿಮೆ ಸಿಗುವ ಹೊತ್ತೂ ಇದೇ. ಡಿಸ್ಕಿನ ಡ್ರೈವರ್ ಏಳುವ ಮುನ್ನವೇ ಕುಸಿದರೆ ಲಾಗ್ ಬರೆಯಲು ಜಾಗವೇ ಇರುವುದಿಲ್ಲ. ಪರದೆಯ ಮೇಲೆ ನಿಂತ ಕೊನೆಯ ಸಾಲು ಉಳಿದರೆ ಅದೇ ಪುಣ್ಯ.

ಬೀಪ್, ಸಂಖ್ಯೆ, ಅಕ್ಷರ

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಏಳುತ್ತಿತ್ತು. ಎಲ್ಲ ಸರಿಯಿದ್ದರೆ ಒಂದು ಚಿಕ್ಕ ಬೀಪ್. ಇಲ್ಲದಿದ್ದರೆ ಪರದೆಯ ಮೇಲೆ ಸಂಖ್ಯೆ: 201 ಎಂದರೆ ಮೆಮೊರಿ, 301 ಎಂದರೆ ಕೀಬೋರ್ಡ್, ಮುಂದೆ ಹಾರ್ಡ್ ಡಿಸ್ಕ್ ಬಂದ ಮೇಲೆ 1701. 1984ರ ಐಬಿಎಂ ಎಟಿಯಲ್ಲಿ ಬಯಾಸ್ ಪ್ರತಿ ಹಂತ ತಲುಪಿದಾಗಲೂ ಒಂದು ಸಂಕೇತವನ್ನು 80 ಎಂಬ ಹೆಕ್ಸಾಡೆಸಿಮಲ್ ಸಂಖ್ಯೆಯ ಪೋರ್ಟಿಗೆ ಬರೆಯುವ ಪದ್ಧತಿ ಶುರುವಾಯಿತು. ಆ ಪೋರ್ಟನ್ನು ಓದಿ ಎರಡಂಕಿ ತೋರಿಸುವ ಪೋಸ್ಟ್ ಕಾರ್ಡುಗಳು ಇವತ್ತಿಗೂ ರಿಪೇರಿಯವರ ಮೇಜಿನ ಮೇಲಿವೆ. ಪರದೆಯೇ ಬಾರದ ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ಹೇಳಬಲ್ಲ ಮುಖ್ಯ ಸಾಕ್ಷಿ ಅದು.

ಹಂತ ಹಂತವಾಗಿ ಗುರುತು ಬಿಡುವ ಈ ಯೋಚನೆಯ ಸುಂದರ ರೂಪ ಲಿನಕ್ಸ್‌ನ ಹಳೆಯ ಬೂಟ್‌ಲೋಡರ್ ಲಿಲೋದಲ್ಲಿತ್ತು. ಅದರ ಹೆಸರಿನ ನಾಲ್ಕು ರೋಮನ್ ಅಕ್ಷರಗಳು ಒಟ್ಟಿಗೆ ಮೂಡುತ್ತಿರಲಿಲ್ಲ. ಮೊದಲ ಘಟ್ಟ ಓಡಿದರೆ 'ಎಲ್', ಎರಡನೆಯ ಘಟ್ಟವನ್ನು ಡಿಸ್ಕಿನಿಂದ ತಂದರೆ 'ಐ', ಅದು ಓಡಲಾರಂಭಿಸಿದರೆ ಮತ್ತೊಂದು 'ಎಲ್', ಎಲ್ಲ ಮುಗಿದ ಮೇಲೆ 'ಓ'. 'ಎಲ್ಐ' ಎಂದು ನಿಂತ ಪರದೆ ಕಂಡರೆ ಡಿಸ್ಕಿನ ಸಿಲಿಂಡರ್, ಹೆಡ್ಡುಗಳ ಲೆಕ್ಕದಲ್ಲಿ ಬಯಾಸ್‌ಗೂ ಲಿಲೋಗೂ ಹೊಂದಿಕೆಯಾಗಿಲ್ಲ ಎಂದು ಬಲ್ಲವರು ಕೂಡಲೇ ಊಹಿಸುತ್ತಿದ್ದರು.

ಡಿಸ್ಕಿನ ಲೆಕ್ಕವೇ ಆ ಕಾಲದ ದೊಡ್ಡ ತೊಡಕು. 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂಬ ಮಿತಿಯಿಂದಾಗಿ ಹಳೆಯ ಬಯಾಸ್‌ಗಳಿಗೆ ಸುಮಾರು 528 ದಶಲಕ್ಷ ಬೈಟುಗಳ ಆಚೆ ಕಾಣುತ್ತಿರಲಿಲ್ಲ. ಆಮೇಲೆ 8.4 ಜಿಬಿ, ನಂತರ 137 ಜಿಬಿ ಗಡಿಗಳು ಬಂದವು. ನಡುವೆ 32 ಜಿಬಿ ಗಡಿಯೂ ಒಂದಿತ್ತು. ಅವಾರ್ಡ್ ಬಯಾಸ್‌ನ ಕೆಲವು ಆವೃತ್ತಿಗಳು ಅದಕ್ಕಿಂತ ದೊಡ್ಡ ಡಿಸ್ಕ್ ಕಂಡರೆ ಅಲ್ಲೇ ಹ್ಯಾಂಗ್ ಆಗುತ್ತಿದ್ದವು. ಡಿಸ್ಕ್ ತಯಾರಕರು ತಮ್ಮ ಡಿಸ್ಕನ್ನು ಚಿಕ್ಕದೆಂದು ತೋರಿಸುವ ಜಂಪರ್ ಕೊಡಬೇಕಾಯಿತು. ಡಿಸ್ಕೂ ಚೆನ್ನ, ಮದರ್‌ಬೋರ್ಡೂ ಚೆನ್ನ, ಎರಡೂ ಸೇರಿದರೆ ಬೂಟ್ ಇಲ್ಲ. ಬಿಡಿಭಾಗವೊಂದನ್ನು ಅಪರಾಧಿಯೆಂದು ಹಿಡಿಯುವ ಲೆಕ್ಕಾಚಾರ ಇಂಥಲ್ಲಿ ನಡೆಯುವುದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಬದಲಿಸಿ ನೋಡುವ ಪಂಥ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ, ತಾಲ್ಲೂಕು ಕೇಂದ್ರದ ಒಂಟಿ ರಿಪೇರಿ ಮಳಿಗೆಯಲ್ಲಾಗಲಿ ಕಾಣುವ ಕ್ರಮ ಒಂದೇ. 'ಡಿಸ್‌ಪ್ಲೇ ಬರ್ತಿಲ್ಲ' ಎಂದು ಗಿರಾಕಿ ಹೇಳಿದೊಡನೆ ಕ್ಯಾಬಿನೆಟ್ ಬಿಚ್ಚಿ, ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಾರೆ. ಏಳದಿದ್ದರೆ ಬೇಡದ ಕಾರ್ಡುಗಳನ್ನೆಲ್ಲ ತೆಗೆದು ಪ್ರೊಸೆಸರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟರಲ್ಲೇ ಏಳಿಸಲು ನೋಡುತ್ತಾರೆ. ಎದ್ದರೆ ಒಂದೊಂದನ್ನೇ ಸೇರಿಸುತ್ತ ಹೋಗುತ್ತಾರೆ. ಏಳದಿದ್ದರೆ ಅಂಗಡಿಯ ಒಳ್ಳೆಯ ಭಾಗ ಹಾಕಿ ನೋಡುತ್ತಾರೆ.

ಓದಿದವರು ಈ ಪದ್ಧತಿಯನ್ನು ಲಘುವಾಗಿ ಕಾಣುವುದುಂಟು. ಅದು ಸರಿಯಲ್ಲ. ಸಿದ್ಧಾಂತವನ್ನೇ ಬೇಡದೆ ಬಹುಪಾಲು ದೋಷಗಳನ್ನು ಅರ್ಧ ಗಂಟೆಯೊಳಗೆ ಹಿಡಿಯುವ ದಾರಿ ಬೇರೊಂದಿಲ್ಲ. ಆದರೆ ಅದರಲ್ಲಿ ಎರಡು ಬಿರುಕುಗಳಿವೆ. ಭಾಗ ಕಿತ್ತು ಬೇರೊಂದನ್ನು ಕೂರಿಸುವಾಗ ಆ ಭಾಗವೊಂದೇ ಬದಲಾಗುವುದಿಲ್ಲ: ಸ್ಲಾಟಿನ ತುಕ್ಕು ಉಜ್ಜಿಹೋಗುತ್ತದೆ, ಸಡಿಲ ಕೇಬಲ್ ಬಿಗಿಯಾಗುತ್ತದೆ, ಯಂತ್ರ ತಣ್ಣಗಾಗಿರುತ್ತದೆ. ಯಂತ್ರ ಎದ್ದರೆ ಕೀರ್ತಿ ಹೊಸ ಭಾಗಕ್ಕೆ, ಅಪವಾದ ಹಳೆಯದಕ್ಕೆ. ಇನ್ನೊಂದು ಬಿರುಕು ಹಳೆಯ ಯಂತ್ರಗಳದ್ದೇ: ಅಂಗಡಿಯಲ್ಲಿರುವ 'ಒಳ್ಳೆಯ' ರ‍್ಯಾಮ್ ಕೂಡ ಇಪ್ಪತ್ತು ವರ್ಷದ್ದು.

ಇದಕ್ಕೆ ಅನುಭವಿಗಳು ಕಂಡುಕೊಂಡ ಪರಿಹಾರ ಅದಲುಬದಲು. ಅನುಮಾನದ ಭಾಗವನ್ನು ತೆಗೆದು ಮೂಲೆಗಿಡುವ ಬದಲು ಚೆನ್ನಾಗಿರುವ ಯಂತ್ರಕ್ಕೆ ಹಾಕಬೇಕು, ಅಲ್ಲಿನದನ್ನು ಇಲ್ಲಿಗೆ ತರಬೇಕು. ದೋಷ ಭಾಗದ ಜೊತೆಗೇ ಆ ಯಂತ್ರಕ್ಕೆ ದಾಟಿದರೆ ಭಾಗವೇ ಕಾರಣ. ಎರಡೂ ಯಂತ್ರಗಳು ಎದ್ದರೆ ಕೂರಿಸುವಿಕೆಯಲ್ಲೋ ಹೊಂದಾಣಿಕೆಯಲ್ಲೋ ಕಾರಣ ಹುಡುಕಬೇಕು. ಕೊನೆಗೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ದೋಷ ಮರಳುತ್ತದೆಯೇ ಎಂದು ನೋಡುವ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಅದೇ.

ಅನ್ವಯ, ವ್ಯತಿರೇಕ, ಉಪಾಧಿ

ಈ ಅದಲುಬದಲಿನ ಹಿಂದಿರುವ ತರ್ಕ ಬಹಳ ಹಳೆಯದು. ಇದು ಇದ್ದಾಗ ಅದು ಇರುತ್ತದೆ ಎಂಬುದು ಅನ್ವಯ. ಇದು ಇಲ್ಲದಾಗ ಅದೂ ಇಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿದರೆ ನಂಟು ಗಟ್ಟಿ ಎನ್ನುವುದು ನಮ್ಮ ನ್ಯಾಯಶಾಸ್ತ್ರದ ನಿಲುವು. 1843ರಲ್ಲಿ ಜಾನ್ ಸ್ಟುವರ್ಟ್ ಮಿಲ್ ತನ್ನ ತರ್ಕಗ್ರಂಥದಲ್ಲಿ ಹೇಳಿದ ಭೇದವಿಧಾನವೂ ಇದಕ್ಕೆ ಹತ್ತಿರದ್ದೇ. ನೈಯಾಯಿಕರು ಇನ್ನೊಂದು ಎಚ್ಚರಿಕೆ ಕೊಟ್ಟರು, ಅದನ್ನು ಉಪಾಧಿ ಎಂದು ಕರೆದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಎನ್ನಲಾಗದು, ಏಕೆಂದರೆ ಹೊಗೆಗೆ ಹಸಿ ಸೌದೆ ಬೇಕು. ಕಣ್ಣಿಗೆ ಬೀಳದ ಆ ಹಸಿ ಸೌದೆಯೇ ಉಪಾಧಿ. ಬೂಟ್ ದೋಷ ಹುಡುಕುವವರನ್ನು ದಾರಿ ತಪ್ಪಿಸುವುದು ಬಹುಮಟ್ಟಿಗೆ ಇಂಥ ಉಪಾಧಿಗಳೇ.

ಈ ವಿಧಾನದ ಅತ್ಯುತ್ತಮ ಉದಾಹರಣೆ ನನ್ನ ಮಟ್ಟಿಗೆ ಬೂಟ್ ದೋಷದ್ದಲ್ಲ, ಗಣಿತದ್ದು. ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನ ಗಣಿತಜ್ಞ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಹಲವು ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕುತ್ತಿದ್ದರು. ಆ ಗುಂಪಿಗೆ ಪೆಂಟಿಯಂ ಯಂತ್ರ ಸೇರಿದ ಮೇಲೆ, 1994ರಲ್ಲಿ, ಉತ್ತರಗಳು ತಾಳೆಯಾಗಲಿಲ್ಲ. ತಮ್ಮ ಪ್ರೋಗ್ರಾಂ, ಕಂಪೈಲರ್, ಮದರ್‌ಬೋರ್ಡ್ ಒಂದೊಂದನ್ನೇ ಅವರು ಅನುಮಾನಿಸಿ ತಳ್ಳಿಹಾಕಿದರು. ಅಕ್ಟೋಬರ್ 30ರಂದು ಅವರು ಬರೆದ ಪತ್ರದ ವಾದಸರಣಿ ಓದುವಂತಿದೆ. ದೋಷ ಬೇರೆ ಬೇರೆ ಕಂಪನಿಗಳು ಮಾಡಿದ ಐದು ಪೆಂಟಿಯಂ ಯಂತ್ರಗಳಲ್ಲೂ ಕಂಡಿತು: ಇದು ಅನ್ವಯ. 486 ಯಂತ್ರಗಳಲ್ಲಿ ಕಾಣಲಿಲ್ಲ: ಇದು ವ್ಯತಿರೇಕ. ಹೊಸ ಪಿಸಿಐ ಬಸ್ ಇದಕ್ಕೆ ಕಾರಣವಿರಬಹುದೇ? ಪಿಸಿಐ ಬಸ್ ಇರುವ 486ರಲ್ಲೂ ದೋಷವಿಲ್ಲ: ಉಪಾಧಿ ಹೊರಗಾಯಿತು. ಪೆಂಟಿಯಂನ ಗಣಿತ ಘಟಕವನ್ನು ಮುಚ್ಚಿದರೆ ತಪ್ಪು ಮಾಯ: ಜಾಗವೂ ಗೊತ್ತಾಯಿತು. ಭಾಗಾಕಾರದ ಆ ದೋಷಕ್ಕಾಗಿ ಇಂಟೆಲ್ ತೆತ್ತದ್ದು 47.5 ಕೋಟಿ ಡಾಲರ್.

ಹೀಗೆ ಹೋಲಿಸಿ ಹುಡುಕುವ ಎರಡನೆಯ ಪಂಥದವರಿಗೆ ಎದುರಾಗುವ ಮೊದಲ ಪಾಠವೆಂದರೆ 'ಒಂದೇ ಮಾದರಿ' ಎಂಬ ಮಾತನ್ನು ನಂಬಬಾರದು ಎನ್ನುವುದು. ಇಂಟೆಲ್‌ನ ಮೊದಮೊದಲ 386 ಚಿಪ್ಪುಗಳಲ್ಲಿ ಕೆಲವು 32 ಬಿಟ್ ಗುಣಾಕಾರದಲ್ಲಿ ತಪ್ಪುತ್ತಿದ್ದವು. ಪರೀಕ್ಷೆಯಲ್ಲಿ ಗೆದ್ದ ಚಿಪ್ಪಿನ ಮೇಲೆ ಎರಡು ಸಿಗ್ಮಾ ಚಿಹ್ನೆಗಳನ್ನೂ, ಸೋತದ್ದರ ಮೇಲೆ 16 ಬಿಟ್ ತಂತ್ರಾಂಶಕ್ಕೆ ಮಾತ್ರ ಎಂಬ ಬರಹವನ್ನೂ ಒತ್ತಿ ಮಾರಿದರು. ವಿಯಾ ಕಂಪನಿಯ ಸಿ3 ಎಂಬ ಒಂದೇ ಹೆಸರಿನಡಿ ಬಂದ ಚಿಪ್ಪುಗಳಲ್ಲಿ ಹಿಂದಿನವಕ್ಕೆ ಸಿಮೂವ್ ಎಂಬ ಆದೇಶ ತಿಳಿಯದು, ನಂತರದ ನೆಹೆಮಾಯ ಪೀಳಿಗೆಗೆ ತಿಳಿದಿದೆ. ಡಬ್ಬಿಯ ಮೇಲಿನ ಹೆಸರು ನೋಡಿ ಹೋಲಿಸಿದರೆ ಹೋಲಿಕೆಯೇ ಸುಳ್ಳಾಗುತ್ತದೆ. ಚಿಪ್ಪಿನ ಸ್ಟೆಪಿಂಗ್ (ಒಳ ಆವೃತ್ತಿ), ಬೋರ್ಡಿನ ರಿವಿಷನ್, ಬಯಾಸ್‌ನ ದಿನಾಂಕ, ರ‍್ಯಾಮ್ ಪಟ್ಟಿಯ ತಯಾರಕರು, ಬಯಾಸ್ ಸೆಟಪ್‌ನ ಆಯ್ಕೆಗಳು ಇವನ್ನೆಲ್ಲ ಎರಡೂ ಯಂತ್ರಗಳಿಂದ ಬರೆದುಕೊಳ್ಳಬೇಕು. ಲಿನಕ್ಸ್‌ನ ಎಲ್‌ಎಸ್‌ಪಿಸಿಐ, ಡಿಎಂಐಡಿಕೋಡ್ ಎಂಬ ಎರಡು ಆದೇಶಗಳು ಇದರ ಹೆಚ್ಚಿನ ಪಾಲನ್ನು ಕ್ಷಣದಲ್ಲಿ ಕೊಡುತ್ತವೆ. ಏಳದ ಯಂತ್ರದಿಂದ ಬರೆದುಕೊಳ್ಳುವುದಾದರೂ ಹೇಗೆ? ಅದು ಏಳುವಂಥ ಇನ್ನಾವುದೋ ಹಳೆಯ ಲೈವ್ ಸಿಡಿಯನ್ನು ಹುಡುಕಬೇಕು. ಅದು ಯಾವುದರಿಂದ ಏಳುತ್ತದೆ ಎಂಬುದೂ ಒಂದು ಸಾಕ್ಷ್ಯವೇ.

ವ್ಯತ್ಯಾಸಗಳು ಇಪ್ಪತ್ತಾದರೆ ಒಂದೊಂದನ್ನೇ ಬದಲಿಸುವುದು ದೀರ್ಘ ಕೆಲಸ. 1999ರಲ್ಲಿ ಜರ್ಮನಿಯ ಆಂಡ್ರಿಯಾಸ್ ಜೆಲ್ಲರ್ ಡೆಲ್ಟಾ ಡಿಬಗಿಂಗ್ ಎಂಬ ವಿಧಾನ ಮುಂದಿಟ್ಟರು. ಕೆಲಸ ಮಾಡುವ ರೂಪಕ್ಕೂ ಕೆಡುವ ರೂಪಕ್ಕೂ ನಡುವಿನ ವ್ಯತ್ಯಾಸಗಳನ್ನು ಅರ್ಧರ್ಧ ಗುಂಪುಗಳಾಗಿ ಪರೀಕ್ಷಿಸುತ್ತ, ದೋಷ ಹುಟ್ಟಿಸಲು ಸಾಕಾಗುವಷ್ಟು ಚಿಕ್ಕ ಗುಂಪಿಗೆ ಇಳಿಯುವುದು ಅದರ ತಿರುಳು. ತಂತ್ರಾಂಶಕ್ಕೆಂದು ಹುಟ್ಟಿದ ಈ ವಿಧಾನ ಹಾರ್ಡ್‌ವೇರಿಗೂ ಒಪ್ಪುತ್ತದೆ. ಆದರೆ ಸಾವಿರ ಸಲ ಕಿತ್ತು ಕೂರಿಸುವ ಶಕ್ತಿ ಹಳೆಯ ಸ್ಲಾಟಿಗಿಲ್ಲ.

ಯಂತ್ರ ಸರಿ, ಪ್ರೋಗ್ರಾಂ ತಪ್ಪು

ಮೂರನೆಯ ಪಂಥದ ವಾದ ಇದು: ಹಾರ್ಡ್‌ವೇರ್ ಬದಲಾಗಿಲ್ಲ, ಹಾಳಾಗಿಯೂ ಇಲ್ಲ, ಅದರ ಬಗ್ಗೆ ತಂತ್ರಾಂಶ ಇಟ್ಟುಕೊಂಡ ನಂಬಿಕೆ ಮುರಿದಿದೆ. ಇವರ ಪ್ರಕರಣಗಳು ಇಡೀ ಚರ್ಚೆಯಲ್ಲೇ ಹೆಚ್ಚು ಕುತೂಹಲದವು.

1990ರ ದಶಕದ ಕೊನೆಗೆ ಎಎಂಡಿಯ ಕೆ6-2 ಪ್ರೊಸೆಸರ್ 350 ಮೆಗಾಹರ್ಟ್ಸ್ ಮುಟ್ಟಿದಾಗ ವಿಂಡೋಸ್ 95 ಬೂಟ್ ಆಗುತ್ತಲೇ 'ಪ್ರೊಟೆಕ್ಷನ್ ಎರರ್' ಎಂದು ಬೀಳತೊಡಗಿತು, ಅದೂ ಪ್ರತಿ ಸಲವಲ್ಲ. ಅಷ್ಟೇ ವೇಗದ ಇಂಟೆಲ್ ಯಂತ್ರಗಳಲ್ಲಿ ಏನೂ ಇಲ್ಲ. ಬಿಡಿಭಾಗ ಬದಲಿಸುವವರು ಎಎಂಡಿ ಚಿಪ್ಪು ಕೆಟ್ಟದ್ದು ಎಂದು ತೀರ್ಪು ಕೊಡುವಂಥ ಸಾಕ್ಷ್ಯವೇ ಇದು. ಚಿಪ್ಪು ಬದಲಿಸಿದರೆ ದೋಷ ಹೋಗುತ್ತದೆ, ಮರಳಿ ಹಾಕಿದರೆ ಬರುತ್ತದೆ. ನಿಜ ಬೇರೆಯೇ ಇತ್ತು. ವಿಂಡೋಸ್‌ನ ಡ್ರೈವರೊಂದು ಕಾಲ ಅಳೆಯಲು ಲೂಪ್ ಎಂಬ ಆದೇಶವನ್ನು ಬಹಳ ಸಲ ಓಡಿಸಿ, ತಗುಲಿದ ಸಮಯದಿಂದ ಭಾಗಿಸುತ್ತಿತ್ತು. ಎಎಂಡಿ ಚಿಪ್ಪು ಆ ಆದೇಶವನ್ನು ಇಂಟೆಲ್‌ಗಿಂತ ಬಹಳ ಬೇಗ ಮುಗಿಸುತ್ತಿದ್ದುದರಿಂದ ಅಳತೆಯ ಸಮಯ ಸೊನ್ನೆಯಾಗುತ್ತಿತ್ತು, ಸೊನ್ನೆಯಿಂದ ಭಾಗಿಸಿ ವ್ಯವಸ್ಥೆ ಕುಸಿಯುತ್ತಿತ್ತು. ಇಂಟೆಲ್ ಯಂತ್ರಗಳೂ ವೇಗ ಹೆಚ್ಚಿಸಿಕೊಂಡು 2.1 ಗಿಗಾಹರ್ಟ್ಸ್ ದಾಟಿದ ಮೇಲೆ ವಿಂಡೋಸ್ 95 ಮತ್ತು 98ರ ನೆಟ್‌ವರ್ಕ್ ಡ್ರೈವರಿನಲ್ಲಿ ಇದೇ ಜಾತಿಯ ಭಾಗಾಕಾರದ ದೋಷ ಕಾಣಿಸಿಕೊಂಡಿತು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಡಾಸ್ ಪ್ರೋಗ್ರಾಂಗಳು ವೇಗದ ಪೆಂಟಿಯಂಗಳಲ್ಲಿ 'ರನ್‌ಟೈಮ್ ಎರರ್ 200' ಎಂದು ಮೊದಲ ಸಾಲಿಗೂ ಮುನ್ನವೇ ಸಾಯುತ್ತಿದ್ದುದಕ್ಕೂ ಕಾಲ ಅಳೆಯುವ ಇಂಥದೇ ಲೆಕ್ಕ ಕಾರಣ. ಅನ್ವಯ-ವ್ಯತಿರೇಕಗಳೆರಡೂ ಬೆರಳು ಮಾಡಿದ ಭಾಗವೇ ನಿರಪರಾಧಿಯಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಹೋಲಿಕೆ ತೋರಿಸಿತು. ತಪ್ಪು ಯಾರದು ಎಂದು ತಿಳಿಯಲು ಡ್ರೈವರಿನ ಒಳಗೆ ಇಣುಕಬೇಕಾಯಿತು.

ಇದು ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲಿ ಕಂಗೆಟ್ಟ ಕತೆ. ಇಂದು ಹೆಚ್ಚು ಕಾಡುವುದು ಅದರ ಉಲ್ಟಾ. 2013ರಲ್ಲಿ ಬಂದ ಲಿನಕ್ಸ್ 3.8 ಕರ್ನಲ್ 386ನ್ನು ಕೈಬಿಟ್ಟಿತು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯತೊಡಗಿದ್ದು 386 ಯಂತ್ರದಲ್ಲೇ. 2017ರ ಡೆಬಿಯನ್ 9 ಪೆಂಟಿಯಂ ಮತ್ತು ಕೆ6 ವರ್ಗವನ್ನು ಬಿಟ್ಟಿತು, 2025ರ ಡೆಬಿಯನ್ 13 ಸಾಮಾನ್ಯ ಪಿಸಿಗಳಿಗಾಗಿ 32 ಬಿಟ್ ಕರ್ನಲ್ ಕೊಡುವುದನ್ನೇ ನಿಲ್ಲಿಸಿತು. ಹೊಸ ತಂತ್ರಾಂಶದಲ್ಲಿ ತನಗೆ ತಿಳಿಯದ ಆದೇಶ ಎದುರಾದರೆ ಪ್ರೊಸೆಸರ್ ದೋಷವೆಂದು ಸಾರುತ್ತದೆ, ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಪೆಂಟಿಯಂ ಎಂ ಲ್ಯಾಪ್‌ಟಾಪುಗಳದ್ದು ಇನ್ನೂ ವಿಚಿತ್ರ. ಅವುಗಳ ಮೊದಲ ಪೀಳಿಗೆಗೆ ಪಿಎಇ ಎಂಬ ಮೆಮೊರಿ ವಿಸ್ತರಣೆಯ ಸಾಮರ್ಥ್ಯವಿದೆ, ಆದರೆ ವಿಚಾರಿಸಿದಾಗ ಇದೆ ಎಂದು ಹೇಳುವುದಿಲ್ಲ. ಹಾಗಾಗಿ ಕರ್ನಲ್ ಬೂಟ್ ಆಗಲು ನಿರಾಕರಿಸುತ್ತಿತ್ತು. 2014ರ ಉಬುಂಟು 14.04ರ ಹೊತ್ತಿಗೆ 'ಫೋರ್ಸ್‌ಪಿಎಇ' ಎಂಬ ಬೂಟ್ ಆಯ್ಕೆ ಬಂದ ಮೇಲೆ ಅವೇ ಯಂತ್ರಗಳು ಎದ್ದವು.

ಅಪ್‌ಡೇಟುಗಳೂ ಇದೇ ಅಪಾಯ ತಂದಿವೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆ ಮದ್ದಾಗಿ ಬಂದ ವಿಂಡೋಸ್ ಅಪ್‌ಡೇಟ್ ಹಾಕಿಕೊಂಡ ಕೆಲವು ಹಳೆಯ ಎಎಂಡಿ ಕಂಪ್ಯೂಟರುಗಳು ಮತ್ತೆ ಏಳಲಿಲ್ಲ, ಮೈಕ್ರೋಸಾಫ್ಟ್ ಅಂಥ ಯಂತ್ರಗಳಿಗೆ ಅದನ್ನು ತಡೆಹಿಡಿಯಿತು. ಎರಡೇ ತಿಂಗಳ ನಂತರ ವಿಂಡೋಸ್ 7ರ ಇನ್ನೊಂದು ಅಪ್‌ಡೇಟ್ ಎಸ್‌ಎಸ್‌ಇ2 ಎಂಬ ಆದೇಶಗುಚ್ಛ ಇಲ್ಲದ ಪೆಂಟಿಯಂ 3ರಂಥ ಯಂತ್ರಗಳನ್ನು ಕುಸಿಯುವಂತೆ ಮಾಡಿತು.

ಈ ಪಂಥದ ಮುಖ್ಯ ಆಯುಧ ಗಿಟ್ ಬೈಸೆಕ್ಟ್. ಯಂತ್ರವನ್ನು ಹಾಗೆಯೇ ಬಿಟ್ಟು, ಎದ್ದ ಕರ್ನಲ್‌ಗೂ ಬಿದ್ದ ಕರ್ನಲ್‌ಗೂ ನಡುವಿನ ಬದಲಾವಣೆಗಳನ್ನು ಅರ್ಧ ಮಾಡುತ್ತ ಹೋದರೆ ಸಾವಿರ ಬದಲಾವಣೆಗಳಿದ್ದರೂ ಹತ್ತು ಬೂಟ್‌ಗಳಲ್ಲಿ ತಪ್ಪು ತಂದ ಬದಲಾವಣೆ ಸಿಗುತ್ತದೆ. ಹಳೆಯ ಯಂತ್ರಗಳಿಗೆ ಇಲ್ಲೊಂದು ಅನುಕೂಲವೂ ಇದೆ: ಸೀರಿಯಲ್ ಪೋರ್ಟ್. ಅದಕ್ಕೊಂದು ಕೇಬಲ್ ಹಾಕಿ ಕರ್ನಲ್ ಸಂದೇಶಗಳನ್ನು ಪಕ್ಕದ ಕಂಪ್ಯೂಟರಿಗೆ ಹರಿಸಿದರೆ, ಪರದೆ ಕಪ್ಪಾದ ಮೇಲಿನ ಮಾತುಗಳೂ ದಕ್ಕುತ್ತವೆ.

ನಡುವೆ ಕುಳಿತ ಬಯಾಸ್

1996ರ ಡಿಸೆಂಬರ್‌ನಲ್ಲಿ ಎಸಿಪಿಐ ಮಾನದಂಡ ಬಂದ ಮೇಲೆ ಹಾರ್ಡ್‌ವೇರಿನ ವಿವರಣೆಯನ್ನು ಬಯಾಸ್ ಒಂದು ಕೋಷ್ಟಕದಲ್ಲಿ ಬರೆದುಕೊಡುವ ಪದ್ಧತಿ ಬಂತು. ಕೋಷ್ಟಕ ತಪ್ಪಿದ್ದರೆ ಒಳ್ಳೆಯ ಹಾರ್ಡ್‌ವೇರೂ ಒಳ್ಳೆಯ ಕರ್ನಲ್ಲೂ ಸೇರಿ ಬೀಳುತ್ತವೆ. ತಯಾರಕರು ವಿಂಡೋಸ್‌ನಲ್ಲಿ ಎದ್ದರೆ ಸಾಕೆಂದು ಬಿಟ್ಟ ತಪ್ಪುಗಳು ಲಿನಕ್ಸ್‌ನಲ್ಲಿ ಹೊರಬಿದ್ದವು. ಎಷ್ಟರಮಟ್ಟಿಗೆಂದರೆ, ಬಯಾಸ್ ಕೇಳಿದಾಗ ಲಿನಕ್ಸ್ ತಾನು ವಿಂಡೋಸ್ ಎಂದೇ ಉತ್ತರಿಸುತ್ತದೆ. 2001ರಂಥ ಒಂದು ವರ್ಷವನ್ನು ಗೆರೆಯಾಗಿಟ್ಟು, ಅದಕ್ಕಿಂತ ಹಿಂದಿನ ಬಯಾಸ್ ಇದ್ದರೆ ಎಸಿಪಿಐಯನ್ನೇ ಬದಿಗಿಡುವ ಏರ್ಪಾಡೂ ಕರ್ನಲ್‌ನಲ್ಲಿ ಬಹಳ ಕಾಲ ಇತ್ತು.

ಇಲ್ಲಿ ಹೋಲಿಕೆ ಸುಲಭ. ಎಸಿಪಿಐ ಆಫ್ ಮಾಡುವ, ಎಪಿಕ್ ಎಂಬ ಇಂಟರಪ್ಟ್ ನಿಯಂತ್ರಕವನ್ನು ಬಿಡುವ, ಗ್ರಾಫಿಕ್ಸ್ ಡ್ರೈವರ್ ತಡೆಯುವ, ಒಂದೇ ಪ್ರೊಸೆಸರ್ ಬಳಸುವ, ಮೆಮೊರಿ ಕಡಿಮೆ ತೋರಿಸುವ ಆಯ್ಕೆಗಳು ಬೂಟ್ ಹೊತ್ತಿಗೇ ಇವೆ. ಸ್ಕ್ರೂಡ್ರೈವರ್ ಮುಟ್ಟದೆ ಭಾಗವೊಂದನ್ನು ಲೆಕ್ಕದಿಂದ ಹೊರಗಿಟ್ಟು ನೋಡಬಹುದು. ಆದರೆ ಜನ ಇವನ್ನು ಪರೀಕ್ಷೆಯಾಗಿ ಬಳಸದೆ ಮದ್ದಾಗಿ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಎಸಿಪಿಐ ಆಫ್ ಮಾಡಿ ಎದ್ದ ಯಂತ್ರ ಎಸಿಪಿಐ ಸುತ್ತ ಎಲ್ಲೋ ದೋಷವಿದೆ ಎಂದಷ್ಟೇ ಹೇಳುತ್ತದೆ. ಅಲ್ಲಿಗೆ ನಿಂತರೆ ಕಾರಣ ಸಿಗುವುದಿಲ್ಲ. ಸೆಟಪ್‌ನ ಒಂದು ಸಾಲೂ ಇಷ್ಟೇ ಪೆಟ್ಟು ಕೊಡಬಲ್ಲದು. ಸಾಟಾ ಡಿಸ್ಕನ್ನು ಐಡಿಇ ಬದಲು ಎಎಚ್‌ಸಿಐ ಎಂದು ಇಟ್ಟರೆ ಮುಂಚೆ ಹಾಕಿದ್ದ ವಿಂಡೋಸ್ ಎಕ್ಸ್‌ಪಿ 7ಬಿ ಎಂಬ ಸ್ಟಾಪ್ ಕೋಡ್ ತೋರಿ ನಿಲ್ಲುತ್ತದೆ. ಬ್ಯಾಟರಿ ಸತ್ತು ಸೆಟಪ್ ಕಾರ್ಖಾನೆಯ ಸ್ಥಿತಿಗೆ ಮರಳಿದ ದಿನ, ಯಾರೂ ಏನೂ ಮುಟ್ಟದೆಯೂ ಇದು ಆಗಬಹುದು.

ಮುಪ್ಪು

ಕೊನೆಯ ಪಂಥ ಹೋಲಿಸುವುದು ಯಂತ್ರವನ್ನು ಅದರದೇ ಹಿಂದಿನ ಸ್ಥಿತಿಯೊಂದಿಗೆ. 2000ದ ದಶಕದ ಆರಂಭದಲ್ಲಿ ಕೆಟ್ಟ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರುಗಳು ಲೋಕದೆಲ್ಲೆಡೆ ಮದರ್‌ಬೋರ್ಡುಗಳಿಗೆ ಹೋದವು; ಡೆಲ್ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಅದಕ್ಕೆ ಹೆಸರಾದ ಮಾದರಿ. ಅವುಗಳ ತಲೆ ಉಬ್ಬಿ, ಒಡೆದು, ಕಂದು ದ್ರವ ಒಸರುತ್ತಿತ್ತು. ಅದಕ್ಕೂ ಹಿಂದಿನ 386, 486 ಬೋರ್ಡುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲ ತಾಮ್ರದ ಗೆರೆಗಳನ್ನು ತಿಂದುಹಾಕಿದೆ. ಬೆಳಿಗ್ಗೆ ತಣ್ಣಗಿರುವಾಗ ಏಳದೆ ನಾಲ್ಕಾರು ಸಲ ಪ್ರಯತ್ನಿಸಿದ ಮೇಲೆ ಏಳುವ ಯಂತ್ರ ಕಂಡರೆ ಈ ಪಂಥದವರು ಬಯಾಸ್ ಚರ್ಚೆಗೆ ಹೋಗದೆ ಮೊದಲು ಎಸ್‌ಎಂಪಿಎಸ್ ಮತ್ತು ಕೆಪಾಸಿಟರ್ ನೋಡುತ್ತಾರೆ. ಅದು ಸರಿಯಾದ ಕ್ರಮವೇ.

ಇವರಿಗೆ ದೊಡ್ಡ ಅಧ್ಯಯನಗಳ ಬೆಂಬಲವೂ ಇದೆ. ಗೂಗಲ್ ಸರ್ವರುಗಳ ಮೇಲೆ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡಿತು. ಅದರ ಬಹುಪಾಲು ಆಕಸ್ಮಿಕವಲ್ಲ, ಪಟ್ಟಿಯಲ್ಲೇ ನೆಲೆನಿಂತದ್ದು. ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಮನೆಬಳಕೆಯ ಪಿಸಿಗಳ ಕುಸಿತಗಳನ್ನು ಪರಿಶೀಲಿಸಿ 2011ರಲ್ಲಿ ಹೇಳಿದ್ದು ಇನ್ನೂ ಗಮನಾರ್ಹ. ಹಾರ್ಡ್‌ವೇರ್ ಕಾರಣಕ್ಕೆ ಒಮ್ಮೆ ಕುಸಿದ ಯಂತ್ರ ಮತ್ತೆ ಕುಸಿಯುವ ಸಾಧ್ಯತೆ ನೂರು ಪಟ್ಟಿನವರೆಗೂ ಏರುತ್ತದೆ. 'ಒಂದು ಸಲ ಹಾಗಾಯಿತು, ರೀಸ್ಟಾರ್ಟ್ ಮಾಡಿದೆ, ಸರಿಹೋಯಿತು' ಎಂಬ ಮಾತು ಎಷ್ಟು ಅಪಾಯದ್ದು ಎಂದು ಇದರಿಂದ ತಿಳಿಯುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಬಂದು ಹೋಗುವ ದೋಷ ಸರಿಹೋಯಿತೆಂದು ಯಾವಾಗ ಹೇಳಬೇಕು? ಮೂರಕ್ಕೊಂದು ಸಲ ಬೀಳುವ ಯಂತ್ರ ಭಾಗ ಬದಲಿಸಿದ ಮೇಲೆ ಸತತ ಎಂಟು ಸಲ ಎದ್ದರೂ, ದೋಷ ಹಾಗೇ ಇರುವ ಯಂತ್ರವೂ ಬರಿಯ ಅದೃಷ್ಟದಿಂದ ಹಾಗೆ ಏಳುವ ಸಾಧ್ಯತೆ ಶೇ 4ರಷ್ಟಿದೆ. ಹತ್ತಕ್ಕೊಂದು ಸಲ ಬೀಳುವುದಾದರೆ ಅಷ್ಟೇ ಭರವಸೆಗೆ ಮೂವತ್ತರ ಹತ್ತಿರ ಬೂಟ್ ಬೇಕು. ಯಾವ ಅಂಗಡಿಯವರೂ ಅಷ್ಟು ಕಾಯಲಾರರು, ಯಾವ ಗಿರಾಕಿಯೂ ಅದಕ್ಕೆ ಹಣ ಕೊಡಲಾರ. 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ, ಹಿಡಿಯಹೋದರೆ ಮರೆಯಾಗುವ ದೋಷಗಳನ್ನು ಬೇರೆ ಜಾತಿಯಾಗಿ ಗುರುತಿಸಿದರು. ಅವಕ್ಕೆ ಅಗ್ಗದ ಪರೀಕ್ಷೆ ಇಂದಿಗೂ ಇಲ್ಲ.

ಜೋಡಿ ದೋಷಗಳ ಪ್ರಶ್ನೆಯೂ ಹಾಗೇ ಉಳಿದಿದೆ. ಬಲಗುಂದಿದ ಎಸ್‌ಎಂಪಿಎಸ್, ಹೆಚ್ಚು ವಿದ್ಯುತ್ ಬೇಡುವ ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ ಯಂತ್ರ ಬೀಳುವುದಾದರೆ ಯಾವುದನ್ನು ಬದಲಿಸಿದರೂ ಏಳುತ್ತದೆ. ಆಗ ಕೆಟ್ಟದ್ದು ಯಾವುದು? ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂಬ ನಿಯಮ ಇದಕ್ಕೆ ಉತ್ತರ ಕೊಡುವುದಿಲ್ಲ.

ಹಳೆಯ ಯಂತ್ರವನ್ನು ತಂತ್ರಾಂಶದಲ್ಲೇ ಅನುಕರಿಸುವ ಎಮ್ಯುಲೇಟರುಗಳನ್ನು ಸಾಕ್ಷಿಯಾಗಿ ಎಷ್ಟು ನಂಬಬಹುದು ಎಂಬುದರಲ್ಲೂ ಭಿನ್ನಾಭಿಪ್ರಾಯವಿದೆ. ಕ್ಯುಎಮು, 86ಬಾಕ್ಸ್‌ನಂಥವುಗಳಲ್ಲಿ ಪ್ರೊಸೆಸರ್, ಮೆಮೊರಿ, ಕಾರ್ಡುಗಳನ್ನು ಬೇಕಾದಂತೆ ಬದಲಿಸಿ ಸಾವಿರ ಸಲ ಬೂಟ್ ಮಾಡಬಹುದು. ಆದೇಶವೊಂದರ ಕೊರತೆಯಿಂದ ಬರುವ ದೋಷ ಅಲ್ಲಿ ಚೆನ್ನಾಗಿ ಸಿಗುತ್ತದೆ. ಕೆ6-2ರಂಥ ಕಾಲ ಅಳೆಯುವ ದೋಷ ಸಿಕ್ಕೇ ಸಿಗುತ್ತದೆಂದು ನೆಚ್ಚಲಾಗದು, ಕೆಪಾಸಿಟರಿನ ಮುಪ್ಪಂತೂ ಸಿಗುವುದಿಲ್ಲ. ಮೊದಲು ಎಮ್ಯುಲೇಟರ್, ಆಮೇಲೆ ಯಂತ್ರ ಎಂಬ ಕ್ರಮ ನನಗೆ ಸರಿಯೆನಿಸುತ್ತದೆ. ಒಪ್ಪದವರ ವಾದವನ್ನೂ ತಳ್ಳಿಹಾಕಲಾರೆ: ಅಲ್ಲಿ ಎದ್ದಿತೆಂಬ ನಂಬಿಕೆಯೇ ಇಲ್ಲಿ ದಾರಿ ತಪ್ಪಿಸಬಹುದು.

ಎಲ್ಲಕ್ಕಿಂತ ದೊಡ್ಡ ವಿವಾದ ಹೊಣೆಯದ್ದು. 386ನ್ನು ಕೈಬಿಡುವ ಬದಲಾವಣೆಯನ್ನು ಲಿನಕ್ಸ್‌ಗೆ ಸಲ್ಲಿಸಿದ್ದ ಕರ್ನಲ್ ಬರಹಗಾರ ಇಂಗೊ ಮೊಲ್ನಾರ್ 2025ರಲ್ಲಿ 486ರ ಬೆಂಬಲವನ್ನೂ ತೆಗೆಯುವ ಪ್ರಸ್ತಾವ ಇಟ್ಟರು. ಕೆಲವೇ ಮಂದಿ ಬಳಸುವ ಯಂತ್ರಗಳಿಗಾಗಿ ಎಲ್ಲರೂ ಓಡಿಸುವ ಕರ್ನಲ್ ತೊಡಕಾಗುತ್ತದೆ, ಆ ತೊಡಕೇ ಹೊಸ ದೋಷ ಹುಟ್ಟಿಸುತ್ತದೆ ಎಂಬುದು ಅವರ ಕಡೆಯ ಮಾತು. ಓಡುತ್ತಿರುವ ಯಂತ್ರ ತಂತ್ರಾಂಶದ ನಿರ್ಧಾರದಿಂದ ವಿದ್ಯುನ್ಮಾನ ತ್ಯಾಜ್ಯವಾಗಬಾರದು ಎಂಬುದು ಬಳಕೆದಾರರ ಮಾತು. ಕನಿಷ್ಠ ಪಕ್ಷ, ಬೆಂಬಲ ತೆಗೆದ ಕರ್ನಲ್ ಸುಮ್ಮನೆ ಕುಸಿಯದೆ, ಯಾವ ಸಾಮರ್ಥ್ಯ ಇಲ್ಲವೆಂದು ಪರದೆಯ ಮೇಲೆ ಒಂದು ಸಾಲಿನಲ್ಲಿ ಹೇಳಿ ನಿಲ್ಲಬೇಕು. ಪಿಎಇ ವಿಷಯದಲ್ಲಿ ಲಿನಕ್ಸ್ ಅದನ್ನು ಮಾಡಿತು, ಎಲ್ಲ ತಂತ್ರಾಂಶಗಳೂ ಮಾಡುತ್ತಿಲ್ಲ.

ಹಳೆಯ ಯಂತ್ರವನ್ನು ನೆಚ್ಚಿಕೊಂಡ ಓದುಗರಲ್ಲಿ ಒಂದು ವಿನಂತಿ. ಅದು ಚೆನ್ನಾಗಿ ಏಳುತ್ತಿರುವ ಇಂದೇ ಬಯಾಸ್ ಆವೃತ್ತಿ, ಸೆಟಪ್ ಪುಟಗಳ ಫೋಟೊ, ಪ್ರೊಸೆಸರ್ ಮತ್ತು ರ‍್ಯಾಮ್ ವಿವರ, ಕರ್ನಲ್ ಅಥವಾ ವಿಂಡೋಸ್ ಆವೃತ್ತಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್ ಒಳಗೇ ಅಂಟಿಸಿಡಿ. ರಿಪೇರಿಗೆ ಕೊಟ್ಟಾಗ ಏನನ್ನು ಬದಲಿಸಿದರು ಎಂದು ಕೇಳಿ, ಅದನ್ನೂ ಆ ಹಾಳೆಗೆ ಸೇರಿಸಿ.